ಕಿರವತ್ತಿಯ ಲೈನು ಹಿಂದಿನ ಮನೆಗೆ ಹೋದದ್ದು

"ಮೇಸ್ತ್ರಿ ಎಲ್ಲದಾನ್ರಿ?" ಎಂದು ಢಾಬಾದ ಯಜಮಾನರು ನನ್ನ ಬೆನ್ನ ಹಿಂದೆ ನೋಡಿದರು. ಹುಬ್ಬಳ್ಳಿ ಬಸ್ಸು ನನ್ನೊಬ್ಬಳನ್ನೇ ಇಳಿಸಿ ಹೊರಟುಹೋಗಿತ್ತು. ನನ್ನ ಹಿಂದೆ ಹೆದ್ದಾರಿ, ಅದರಾಚೆ ಸಾಗವಾನಿ ಕಾಡು, ಅಷ್ಟೆ.

"ನಾನೇ ಮೇಸ್ತ್ರಿ," ಎಂದೆ.

ಅವರು ನನ್ನ ಚೀಲ ನೋಡಿದರು, ಚಪ್ಪಲಿ ನೋಡಿದರು, ಆಮೇಲೆ ಚಾ ತರಲು ಹೇಳಿದರು. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದಂದಿನಿಂದ ಈ ನೋಟ ನನಗೆ ರೂಢಿ. ರೂಢಿಯಾಗಿದೆ ಎಂದರೆ ಸಿಟ್ಟು ಬರುವುದಿಲ್ಲ ಎಂದಲ್ಲ. ಬರುತ್ತದೆ. ಸಿಟ್ಟು ಬಂದ ದಿನ ಕೆಲಸ ಇನ್ನಷ್ಟು ಚೊಕ್ಕವಾಗಿ ಮಾಡುತ್ತೇನೆ, ಅದೊಂದು ಒಳ್ಳೆಯದು.

ಬ್ರಾಡ್‌ಬ್ಯಾಂಡ್ ನಮ್ಮ ಕಡೆ ಆಗಷ್ಟೇ ಬರತೊಡಗಿದ ವರ್ಷಗಳವು. ಯಲ್ಲಾಪುರ ದಾಟಿ ಕಿರವತ್ತಿಯ ಈ ಢಾಬಾಕ್ಕೂ ಬಂದಿತ್ತು. ಯಜಮಾನರು ಮೊದಲು ಢಾಬಾದ ಮೂಲೆಯಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದೇ ಗಾಜಿನ ಗೂಡಿನಲ್ಲಿ ಒಂದು ಕಂಪ್ಯೂಟರ್ ಇಟ್ಟು, ರಿಸಲ್ಟ್ ನೋಡುವವರಿಗೆ, ರೈಲು ಟಿಕೆಟ್ ತೆಗೆಸುವವರಿಗೆ ಇಂಟರ್ನೆಟ್ ಒದಗಿಸುತ್ತಿದ್ದರು. ಈಗ ಆ ಸಂಪರ್ಕವನ್ನು ಢಾಬಾದ ಹಿಂದಿರುವ ತಮ್ಮ ಮನೆಗೂ ಹಂಚಿಕೊಡಬೇಕಿತ್ತು. ಬೇಕಾಗಿದ್ದದ್ದು ಸೊಸೆಗೆ.

ಸೊಸೆ ಮದುವೆಗೆ ಮೊದಲಿನಿಂದ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿದ್ದವಳು. ಪರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳುತ್ತ ಟೈಪ್ ಮಾಡುವ ಕೆಲಸ. ಮಗು ಹುಟ್ಟಿದಾಗ ಬಿಟ್ಟಿದ್ದಳು. ಗಂಡ ಲಾರಿ ಓಡಿಸುತ್ತಿದ್ದ, ಊರಲ್ಲಿ ಇರುತ್ತಿದ್ದದ್ದೇ ಅಪರೂಪ. ಕಂಪನಿ ಈಗ ಮನೆಯಿಂದಲೇ ಮಾಡು ಎಂದಿತ್ತು, ಆದರೆ ಮೊದಲು ಹದಿನೈದು ದಿನ ಪರೀಕ್ಷೆ. ಹಗಲಿಡೀ ಒಂದೊಂದಾಗಿ ಫೈಲ್ ಬರುತ್ತದೆ, ಎರಡು ತಾಸಿನೊಳಗೆ ಟೈಪ್ ಮಾಡಿ ವಾಪಸ್ ಕಳಿಸಬೇಕು. ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುತ್ತಾರೆ.

"ಇದೊಂದು ಹೋತಂದ್ರ ಇನ್ನೊಮ್ಮೆ ಕರಿಯೂದಿಲ್ರಿ, ಅಕ್ಕಾರ," ಎಂದಳು ನನಗೆ. ಮಗು ಕಂಕುಳಲ್ಲಿತ್ತು, ಕೈಯಲ್ಲಿ ಕಂಪನಿಯ ಕಾಗದ. ನಾಲ್ಕು ವರ್ಷ ಕಲಿತ ಕೆಲಸ ಕೈಬಿಟ್ಟು ಹೋಗುವ ಹೆದರಿಕೆ ಅವಳ ಮುಖದಲ್ಲೇ ಇತ್ತು.

ಢಾಬಾಕ್ಕೂ ಮನೆಗೂ ನಡುವೆ ನೂರಾಹತ್ತು ಅಡಿ ಅಂಗಳ. ಅವಳೇ ಬಂದು ಬೂತಿನಲ್ಲಿ ಕೂತು ಟೈಪ್ ಮಾಡಬಹುದಿತ್ತು. ಅದು ಆಗದ ಮಾತು. "ನಮ್ಮ ಮನಿ ಹೆಣ್ಮಕ್ಕಳು ಮುಂದಕ ಬರೂದಿಲ್ರಿ. ಡ್ರೈವರ್ ಮಂದಿ ಉಣ್ಣಾಕ ಕುಂತಿರತಾರ," ಎಂದರು ಯಜಮಾನರು. ಹಾಗಾದರೆ ಟೆಲಿಫೋನ್ ಲೈನನ್ನೇ ಮನೆಗೆ ತಂದು, ಅಲ್ಲಿಂದ ಬೂತಿಗೆ ಹಂಚುವುದು ಸರಿ ಎಂದು ನನಗೆ ಆ ಕ್ಷಣವೇ ಅನ್ನಿಸಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರು ಹೇಳಿದರು, "ಲೈನ್ ಒಂದು ಮುಟ್ಟಬ್ಯಾಡ್ರಿ. ಅದು ನನ್ನ ಹೆಸರಿನ್ಯಾಗ ಐತಿ. ಇಲ್ಲೇ ಇರಬೇಕು."

ಹೂಂ ಎಂದುಬಿಟ್ಟೆ. ಆ ಹೂಂಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮೇಸ್ತ್ರಿ ನಾನೇ ಎಂದು ಗತ್ತಿನಿಂದ ಹೇಳಿದವಳು, ಮೇಸ್ತ್ರಿ ಆಡಬೇಕಾದ ಮೊದಲ ಮಾತನ್ನೇ ನುಂಗಿಕೊಂಡಿದ್ದೆ.

ಮೊದಲು ಕೇಬಲ್ ಹಾಕಿದೆ. ಒಂದು ಗೇಣು ಆಳ ಅಗೆಸಿ, ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ಹೂಳಿಸಿದೆ. ಎರಡೂ ತುದಿಯ ಎಂಟೆಂಟು ಎಳೆಗಳನ್ನು ಬಣ್ಣ ನೋಡಿ ಜೋಡಿಸಿ, ಇಕ್ಕಳದಲ್ಲಿ ಒತ್ತಿ, ಪರೀಕ್ಷಿಸಿ ಶಿರಸಿಗೆ ಮರಳಿದೆ. ನಾಲ್ಕನೆಯ ದಿನ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಆ ಅಂಗಳದಲ್ಲೇ ಹೂತುಕೊಂಡಿತು. ಅದನ್ನು ಎಬ್ಬಿಸುವ ಗಡಿಬಿಡಿಯಲ್ಲಿ ಪೈಪೂ ಕೇಬಲ್ಲೂ ಚೂರಾದವು. ಎರಡನೆಯ ಸಲ ಮೇಲಿನಿಂದ ಎಳೆದೆ. ಅದು ಮಂಗಗಳಿಗೆ ಬಹಳ ಇಷ್ಟವಾಯಿತು. ಎರಡು ದಿನ ಜೋತಾಡಿ ಮೂರನೆಯ ದಿನ ಹರಿದುಹಾಕಿದವು. ಸೊಸೆಯ ಪರೀಕ್ಷೆ ಶುರುವಾಗಲು ಆಗ ಒಂದು ವಾರ ಉಳಿದಿತ್ತು.

ಉಳಿದದ್ದು ವೈರ್‌ಲೆಸ್. ಶಿರಸಿಯಲ್ಲಿ ನನಗೆ ಸಾಮಾನು ಕೊಡುತ್ತಿದ್ದ ಡೀಲರ್ ವಯಸ್ಸಿನಲ್ಲಿ ಹಿರಿಯರು, ಉಪದೇಶದಲ್ಲಿ ಇನ್ನೂ ಹಿರಿಯರು. ಎರಡು ಅಂಟೆನಾದ ರೂಟರ್ ಕೇಳಿದಾಗ ಕನ್ನಡಕ ಮೇಲೆತ್ತಿ, ನಮ್ಮಿಬ್ಬರ ಹವ್ಯಕ ಮಾತಿನಲ್ಲಿ, ಇದು ಆಗುವ ಕೆಲಸವಲ್ಲ ಎಂದರು. "ತಂಗೀ, ತಗಡು ಹೊಡೆದ ಮನೆಗೆ ಇದು ಆಪದಲ್ಲ. ಅಷ್ಟು ದೂರ ಹೋಪದು ಎಂತಕ್ಕೆ? ಹುಬ್ಬಳ್ಳಿಯವು ಯಾರಾದ್ರೂ ಮಾಡ್ಕತ್ತ."

"ನೀವು ರೂಟರ್ ಕೊಡಿ. ಆಪದೋ ಅಲ್ದೋ ಆನು ನೋಡ್ತೆ," ಎಂದೆ.

ಬೂತಿನ ಮೇಜಿನ ಮೇಲೆ ಮೋಡೆಮ್, ಅದರ ಪಕ್ಕ ರೂಟರ್, ನಡುವೆ ಗಿಡ್ಡ ಕೇಬಲ್. ಬೂತಿನ ಕಂಪ್ಯೂಟರಿಗೆ ರೂಟರಿನಿಂದ ವೈರ್ ಎಳೆದೆ. ಮನೆಯ ಕಂಪ್ಯೂಟರಿಗೆ ಮಾತ್ರ ಗಾಳಿಯಲ್ಲಿ. ಶುರುವಿನಲ್ಲೇ ಎಡವಟ್ಟಾಯಿತು. ಮೋಡೆಮ್ಮಿಗೂ ರೂಟರಿಗೂ ಕಾರ್ಖಾನೆಯಲ್ಲಿ ಕೊಟ್ಟಿದ್ದ ವಿಳಾಸದ ಅಂಕಿ ಒಂದೇ ಆಗಿತ್ತು. ಒಂದೇ ನಂಬರಿನ ಎರಡು ಮನೆಗಳಿಗೆ ಟಪಾಲು ಹಂಚಿದ ಹಾಗೆ ಎಲ್ಲ ಗೋಜಲು. ರೂಟರಿನ ಅಂಕಿ ಬದಲಿಸಿ, ಎರಡನ್ನೂ ಆರಿಸಿ ಹಚ್ಚಿ, ಬೂತಿನಲ್ಲಿ ಇಂಟರ್ನೆಟ್ ತೆರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮನೆಯ ಅಂಗಳದ ಕಡೆಯ ಜಗುಲಿಗೆ ತಗಡು ಹೊಡೆದಿತ್ತು. ಡೀಲರ್ ಹೇಳಿದ್ದರಲ್ಲಿ ಅಷ್ಟು ನಿಜ. ಸೊಸೆಯ ಕಂಪ್ಯೂಟರಿಗೆ ಬೆರಳುದ್ದದ ವೈರ್‌ಲೆಸ್ ಕಡ್ಡಿ ಸಿಕ್ಕಿಸಿದರೆ ಪರದೆಯ ಮೂಲೆಯ ಐದು ಗೆರೆಗಳಲ್ಲಿ ಒಂದೇ ಹಸಿರಾಯಿತು. ಕಡ್ಡಿಗೆ ಉದ್ದದ ವೈರ್ ಹಾಕಿ ತಗಡು ಮುಗಿದಲ್ಲಿನ ಕಿಟಕಿಗೆ ಒಯ್ದೆ, ಎರಡು ಗೆರೆ. ಅಡಿಗೆಮನೆಗೆ ಹೋಗಿ, ಸೊಸೆಯ ಅತ್ತೆಯವರು ಹಿಟ್ಟು ಸಾಣಿಸುತ್ತಿದ್ದ ತಂತಿಬಲೆಯ ಸಾಣಿಗೆಯನ್ನು ಕೇಳಿ ತಂದು ಕಡ್ಡಿಯ ಹಿಂದೆ ನಿಲ್ಲಿಸಿ, ಢಾಬಾದ ಕಡೆಗೆ ತಿರುಗಿಸಿದೆ. ಚದರುವ ಅಲೆಗಳನ್ನು ಬಲೆ ತಡೆದು ಕಡ್ಡಿಯ ಕಡೆಗೆ ದೂಡುತ್ತದೆ. ನಾಲ್ಕು ಗೆರೆ.

"ಇನ್ನ ಹಿಟ್ಟು ಹೆಂಗ ಸಾಣಸ್ಲಿ?" ಎಂದರು ಅತ್ತೆ.

"ಹೊಸಾದು ತರೂಣ ಬಿಡ್ರಿ ಅತ್ತಿ," ಎಂದಳು ಸೊಸೆ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಒಂದು ಕೆಲಸ ಬಾಕಿ ಇತ್ತು, ಪಾಸ್‌ವರ್ಡ್. ಕಡ್ಡಿಯ ಜೊತೆ ಬಂದ ಸಾಫ್ಟ್‌ವೇರ್ ಹಳೆಯದು, ಪಾಸ್‌ವರ್ಡ್ ಹಾಕಿದರೆ ಸಂಪರ್ಕ ಹಿಡಿಯುತ್ತಿರಲಿಲ್ಲ. ಹೊಸದನ್ನು ಇಳಿಸಿಕೊಳ್ಳಲು ಹೊತ್ತು ಬೇಕು, ನನ್ನ ಬಸ್ಸಿಗೆ ಹೊತ್ತಾಗಿತ್ತು. ಈ ಕಾಡಿನ ಬದಿಯಲ್ಲಿ ಯಾರು ಬಂದು ಕದಿಯುತ್ತಾರೆ, ಮುಂದಿನ ಸಲ ಹಾಕಿದರಾಯಿತು ಎಂದು ಹಾಗೇ ಬಿಟ್ಟು ಬಂದೆ.

ಪರೀಕ್ಷೆಯ ಮೂರನೆಯ ದಿನ ಸೊಸೆಯ ಫೋನ್ ಬಂತು. ಸಂಪರ್ಕ ಬಂದು ಬಂದು ಹೋಗುತ್ತದೆ, ಒಂದು ಫೈಲ್ ತಡವಾಯಿತು. ನಾಳೆ ಬರುತ್ತೇನೆ, ಮನೆಯಲ್ಲಿ ಹೇಳಿಡು ಎಂದೆ. ಹೋಗಿ ನೋಡಿದರೆ ನಾಲ್ಕು ಗೆರೆ, ಸ್ವಚ್ಛ. ಒಂದು ಪೂರ್ತಿ ತಾಸು ಕೂತು ನೋಡಿದೆ, ಕದಲಲಿಲ್ಲ. ಆದರೂ ರೂಟರ್ ಅಲೆ ಬಿಡುವ ಚಾನೆಲ್ ಬದಲಿಸಿ ಬಂದೆ. ಐದನೆಯ ದಿನ ಮತ್ತೆ ಫೋನ್, ಇನ್ನೊಂದು ಫೈಲ್ ತಡ. ಆರನೆಯ ದಿನ ಮತ್ತೆ ಮುಂಚೆ ತಿಳಿಸಿಯೇ ಹೋದೆ, ಮತ್ತೆ ನಾಲ್ಕು ಗೆರೆ. ಕರೆಂಟಿನ ಏರಿಳಿತ ಇರಬಹುದೆಂದು ಬೂತಿನ ಯುಪಿಎಸ್ ಬ್ಯಾಟರಿಗೆ ರೂಟರನ್ನು ಸೇರಿಸಿದೆ. ಕಡ್ಡಿಯನ್ನೇ ಬದಲಿಸಿದೆ. ಸಾಣಿಗೆಯನ್ನು ಅರ್ಧ ಇಂಚು ಆಚೆ ಈಚೆ ಮಾಡಿದೆ. ಯಜಮಾನರು ಎರಡೂ ಸಲ ಬಹಳ ಮರ್ಯಾದೆಯಿಂದ, "ಬರ್ರಿ, ಕುಂದರ್ರಿ, ಚಾ ಕುಡೀರಿ," ಎಂದರು.

"ನೀವು ಬಂದಾಗ ಎಲ್ಲಾ ಚಲೋ ಇರತೈತ್ರಿ," ಎಂದಳು ಸೊಸೆ ಕಿಟಕಿಯ ಹತ್ತಿರ ನಿಂತು. "ನೀವು ಬಸ್ ಹತ್ತಿದ ಮ್ಯಾಲೆ ಅದೂ ಹೋಗತೈತಿ. ಇನ್ನ ಒಂದ ಸಲ ತಡ ಆತಂದ್ರ ಮುಗೀತು."

ಶಿರಸಿಗೆ ಬಂದು ಡೀಲರ್ ಅಂಗಡಿಯಲ್ಲಿ ಇನ್ನೊಂದು ರೂಟರ್ ಕೇಳಿದೆ, ಬದಲಿಸಿ ನೋಡೋಣವೆಂದು. ಅವರು ಗೆದ್ದವರಂತೆ ಕುರ್ಚಿಗೆ ಒರಗಿದರು. "ಆನು ಮೊದ್ಲೇ ಹೇಳಿದ್ದೆ. ಅದನ್ನೂ ವಾಪಸ್ ತಗಂಡು ಬಾ. ಇಂಥದ್ದಕ್ಕೆಲ್ಲ ಗಂಡುಮಕ್ಕ ಬೇಕು, ಹತ್ತು ಸಲ ತಿರುಗವು ಹೇಳಾದ್ರೆ."

"ಹನ್ನೊಂದನೇ ಸಲವೂ ಹೋಗ್ತೆ. ಎಂತ ಆಯ್ದು ಹೇಳಿ ಗೊತ್ತಾಗದ್ದೆ ವಾಪಸ್ ಕೊಡ್ತ್ನಿಲ್ಲೆ," ಎಂದು ಹೊರಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದಿನ ಯಂತ್ರದ ಮೇಲೆ ಸಿಟ್ಟಿತ್ತು, ಈಗ ಅದರ ಜೊತೆಗೆ ಅವರ ಮೇಲಿನದೂ ಸೇರಿತು.

ಆ ಉರಿಯಲ್ಲೇ ಒಂದು ಮಾತು ಹೊಳೆಯಿತು. ನಾನಿದ್ದಾಗ ಸರಿ ಇದ್ದು, ನಾನಿಲ್ಲದಾಗ ಕೆಡುತ್ತದೆ ಎಂದರೆ ಬದಲಾಗುತ್ತಿರುವುದು ಯಂತ್ರವಲ್ಲ. ಯಂತ್ರಕ್ಕೆ ನನ್ನ ಮುಖ ಪರಿಚಯವಿಲ್ಲ. ಎಂಟನೆಯ ದಿನ ಯಾರಿಗೂ ಹೇಳದೆ ಹೊರಟೆ. ಶಿರಸಿಯಿಂದ ಯಲ್ಲಾಪುರ, ಅಲ್ಲಿಂದ ಹುಬ್ಬಳ್ಳಿ ಬಸ್ಸು. ಹನ್ನೊಂದರ ಹೊತ್ತಿಗೆ ಢಾಬಾದ ಮುಂದೆ ಇಳಿದವಳು ಸೀದಾ ಬೂತಿಗೆ ನಡೆದೆ.

ಮೇಜಿನ ಮೇಲೆ ರೂಟರ್ ಇರಲಿಲ್ಲ. ಅದು ಇರಬೇಕಾದಲ್ಲಿ ಹಸಿರು ಬಣ್ಣದ ತಗಡಿನ ಪೆಟ್ಟಿಗೆ ಕೂತಿತ್ತು, ಮುಂದೆ ಬೀಗ, ಹಿಂದಿನ ತೂತಿನಿಂದ ನನ್ನದೇ ವೈರುಗಳು ಹೊರಬಂದಿದ್ದವು. ನಮ್ಮ ಕಡೆ ಫೋನ್ ಇದ್ದ ಅಂಗಡಿಯವರೆಲ್ಲ ಒಂದು ಕಾಲಕ್ಕೆ ಇಂಥ ಪೆಟ್ಟಿಗೆ ಮಾಡಿಸಿಟ್ಟಿದ್ದರು, ಕಂಡಕಂಡವರು ಫೋನ್ ತಿರುಗಿಸಬಾರದೆಂದು. ಯಜಮಾನರು ರೂಟರನ್ನು ಅದರೊಳಗಿಟ್ಟು ಬೀಗ ಜಡಿದಿದ್ದರು. ಬೂತಿನ ಕಂಪ್ಯೂಟರಿಗೆ ವೈರ್ ಇತ್ತು, ಹಾಗಾಗಿ ಬೂತಿಗೆ ಏನೂ ಆಗುತ್ತಿರಲಿಲ್ಲ. ಮನೆಗೆ ಹೋಗಬೇಕಾದ ಅಲೆಗಳು ತಗಡಿನೊಳಗೇ ಸುತ್ತುತ್ತಿದ್ದವು, ತೂತಿನಿಂದ ಸೋರಿದಷ್ಟು ಮಾತ್ರ ಆ ಕಡೆ ಬಂದು ಬಂದು ಹೋಗುತ್ತಿತ್ತು. ಪೆಟ್ಟಿಗೆ ಮುಟ್ಟಿದರೆ ಬಿಸಿ ಬೇರೆ.

ಯಜಮಾನರು ಒಳಗಿಂದ ಬಂದು ನನ್ನನ್ನು ನೋಡಿ ತಬ್ಬಿಬ್ಬಾದರು. ಬೈಯಲೆಂದೇ ಬಾಯಿ ತೆರೆದೆ, ಅವರೇ ಮೊದಲು ಮಾತಾಡಿದರು.

"ಹೋದ ವಾರ ಕಾರಿನ್ಯಾಗ ಬಂದವ ಒಬ್ಬ ಉಣಕೋತ ಲ್ಯಾಪ್‌ಟಾಪ್ ತಗದು, ಇಲ್ಲಿ ಇಂಟರ್ನೆಟ್ ಪುಕ್ಕಟೆ ಬರತೈತಲ್ರಿ ಅಂದ. ಗಾಳ್ಯಾಗ ಹೋಗೂದಂದ್ರ ದಾರಿಮ್ಯಾಲಿನವರು ಎಲ್ಲಾರೂ ಹಿಡಕೋತಾರಲ್ಲ. ಅದಕ್ಕ ಬೀಗ ಹಾಕಿದೆ."

"ನಾನು ಬಂದಾಗ ಯಾಕೆ ಇರಲಿಲ್ಲ ಇದು?"

"ನೀವು ಬರ್ತೀರಂತ ಮನ್ಯಾಗ ಹೇಳಿರತಿದ್ರು, ತಗದ ಇಡತಿದ್ದೆ," ಎಂದರು, ದನಿ ತಗ್ಗಿಸಿ. "ಮನಿಗೆ ಬಂದವ್ರ ಮುಂದ ಬೀಗ ಹಾಕಿ ತೋರಿಸಿದ್ರ ಅವಮಾನ ಮಾಡಿದಂಗ ಅಲ್ಲೇನ್ರಿ?"

ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ಪಾಸ್‌ವರ್ಡ್ ಹಾಕದೆ ಬಸ್ಸು ಹತ್ತಿದವಳು ನಾನು. ನಾನು ಹಾಕದ ಬೀಗವನ್ನು ಅವರಿಗೆ ತಿಳಿದ ರೀತಿಯಲ್ಲಿ ಅವರು ಹಾಕಿದ್ದರು. ಅದನ್ನು ಅವರೆದುರು ಹಾಗೇ ಒಪ್ಪಿಕೊಂಡೆ. ಬೂತಿನ ಕಂಪ್ಯೂಟರಿನಲ್ಲಿ ಹೊಸ ಸಾಫ್ಟ್‌ವೇರ್ ಇಳಿಸಿ, ಪೆನ್‌ಡ್ರೈವಿನಲ್ಲಿ ಸೊಸೆಯ ಕೋಣೆಗೆ ಒಯ್ದು ಹಾಕಿದೆ. ರೂಟರನ್ನು ಪೆಟ್ಟಿಗೆಯಿಂದ ಹೊರಗಿರಿಸಿ, ಪಾಸ್‌ವರ್ಡ್ ಹಾಕಿ, ಅದೆಂದರೇನೆಂದು ಯಜಮಾನರಿಗೆ ವಿವರಿಸಿದೆ. ಅಲ್ಲಿಗೆ ಮುಗಿಯಬೇಕಿತ್ತು.

"ಚಲೋ ಆತು," ಎಂದರು ಅವರು. "ಹಂಗಾರ ಆ ಪಾಸ್‌ವರ್ಡ್ ನನಗೊಬ್ಬನಿಗೇ ಹೇಳ್ರಿ. ಸ್ವಿಚ್ಚೂ ನನ್ನ ಕೈಯಾಗ ಇರಲಿ. ಮಧ್ಯಾಹ್ನ ಉಂಡು ಮಲಗೂ ಮುಂದ ಬೂತ್ ಬಂದ್ ಮಾಡ್ತೇನಿ, ಇದನ್ನೂ ಬಂದ್ ಮಾಡ್ತೇನಿ."

ಮಧ್ಯಾಹ್ನವೇ ಸೊಸೆಗೆ ಹೆಚ್ಚು ಫೈಲ್ ಬರುವ ಹೊತ್ತು. ಅದನ್ನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಮೊದಲ ದಿನ ಹೂಂ ಎಂದದ್ದು ಆಗ ನೆನಪಾಯಿತು. ಇಕ್ಕಳವನ್ನು ಮೇಜಿನ ಮೇಲಿಟ್ಟು ಹೇಳಿದೆ:

"ನಾನು ಹೇಳುವುದಿಲ್ಲ. ಪಾಸ್‌ವರ್ಡ್ ಕೆಲಸ ಮಾಡುವವಳ ಹತ್ತಿರ ಇರುತ್ತದೆ. ಮತ್ತೆ ಈ ಲೈನು ಇಲ್ಲಿರಬಾರದು, ಅವಳ ಕೋಣೆಯಲ್ಲಿರಬೇಕು. ಬೂತಿಗೆ ಅಲ್ಲಿಂದ ಗಾಳಿಯಲ್ಲಿ ಬರಲಿ. ನಿಮ್ಮ ಗಿರಾಕಿಗೆ ಇವತ್ತು ಸಿಗದಿದ್ದರೆ ನಾಳೆ ಬರುತ್ತಾನೆ. ಅವಳಿಗೆ ನಾಳೆ ಅನ್ನುವುದೇ ಇಲ್ಲ."

"ಲೈನ್ ನನ್ನ ಹೆಸರಿನ್ಯಾಗ ಐತಿ."

"ಇರಲಿ. ಹೆಸರು ನಿಮ್ಮದೇ ಇರಲಿ."

"ಹಂಗಾದ್ರ ನಿಮ್ಮ ಕೆಲಸ ನಮಗ ಬ್ಯಾಡ್ರಿ. ಹೋಗ್ರಿ," ಎಂದು ರೂಟರಿನ ಪ್ಲಗ್ ಕಿತ್ತರು.

"ಬಸ್ಸು ಮೂರೂವರೆಗೆ. ಅಲ್ಲಿಯ ತನಕ ಕೂತಿರುತ್ತೇನೆ," ಎಂದು ಢಾಬಾದ ಬೆಂಚಿನ ಮೇಲೆ ಕೂತೆ. ಎದ್ದು ಹೋಗುವ ಮನಸ್ಸಿರಲಿಲ್ಲ. ಒಳಗೆ ಆ ಹುಡುಗಿಯ ಪರದೆಯಲ್ಲಿ ಆಗ ಒಂದು ಗೆರೆಯೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಹಟದಿಂದಲೇ ಅವಳ ಮೂರನೆಯ ತಡ ಆಗಬಹುದು ಎಂಬುದೂ ಗೊತ್ತಿತ್ತು. ಅರ್ಧ ತಾಸು ಹಾಗೇ ಕಳೆಯಿತು.

ಆಗ ಹಿಂದಿನ ಬಾಗಿಲಿನಿಂದ ಸೊಸೆ ಬಂದಳು. ತಲೆಯ ಮೇಲೆ ಸೆರಗು, ಕೊರಳಲ್ಲಿ ಹೆಡ್‌ಫೋನ್, ಕಂಕುಳಲ್ಲಿ ಈ ಸಲ ಮಗುವಿನ ಬದಲು ರೆಕಾರ್ಡ್ ನಿಲ್ಲಿಸಿ ಓಡಿಸಲು ಕಾಲಿನಿಂದ ಒತ್ತುವ ಪೆಡಲ್. ಹಗ್ಗದ ಮಂಚಗಳ ಮೇಲೆ ಹತ್ತು ಹನ್ನೆರಡು ಡ್ರೈವರುಗಳು ಊಟಕ್ಕೆ ಕೂತಿದ್ದರು. ಅವಳು ಅವರ ನಡುವಿನಿಂದಲೇ ನಡೆದು ಬೂತಿನ ಬಾಗಿಲು ತಳ್ಳಿದಳು.

"ಏನಿದು?" ಎಂದರು ಯಜಮಾನರು.

"ಫೈಲ್ ಬಂದೈತ್ರಿ, ಮಾವಾರ. ಒಂದೂವರಿ ತಾಸು ಉಳದೈತಿ. ಅಲ್ಲಿ ಇಂಟರ್ನೆಟ್ ಇಲ್ಲ, ಇಲ್ಲೇ ಕುಂತು ಮಾಡ್ತೇನಿ." ದನಿ ಏರಿಸಲಿಲ್ಲ. "ದಿನಾ ಇಲ್ಲೇ ಬಂದು ಮಾಡ್ತೇನಿ. ನೀವು ಸ್ವಿಚ್ ನಿಮ್ಮ ಕೈಯಾಗೇ ಇಟ್ಕೋರಿ, ನಾ ಇರೂತನಕ ಬಂದ್ ಮಾಡಬ್ಯಾಡ್ರಿ ಅಷ್ಟ."

ಪ್ಲಗ್ಗನ್ನು ಅವಳೇ ಹಾಕಿದಳು. ಪೆಡಲನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಾಲಡಿಗಿಟ್ಟು, ಹೆಡ್‌ಫೋನ್ ಏರಿಸಿ ಟೈಪ್ ಮಾಡತೊಡಗಿದಳು. ಗಾಜಿನ ಗೂಡು, ಸುತ್ತಲೂ ಎಲ್ಲರಿಗೂ ಕಾಣುತ್ತಿತ್ತು. ಡ್ರೈವರುಗಳು ಒಮ್ಮೆ ತಿರುಗಿ ನೋಡಿದರು, ಮತ್ತೆ ರೊಟ್ಟಿ ಮುರಿದರು. ಒಬ್ಬ ಉಳ್ಳಾಗಡ್ಡಿ ಕೇಳಿದ. ಯಜಮಾನರೇ ಹೋಗಿ ಕೊಟ್ಟುಬಂದರು, ಕೊಟ್ಟುಬಂದು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತರು. ಅವರ ಕಣ್ಣು ಬೂತಿನ ಮೇಲೆ, ಡ್ರೈವರುಗಳ ಮೇಲೆ, ಮತ್ತೆ ಬೂತಿನ ಮೇಲೆ. ನಾನು ಇಡೀ ದಿನ ವಾದಿಸಿದ್ದರೂ ಆಗದಿದ್ದದ್ದು ಆ ಗಾಜಿನ ಗೂಡಿನಲ್ಲಿ ತನ್ನಷ್ಟಕ್ಕೆ ಆಗುತ್ತಿತ್ತು.

ಅವಳು ಫೈಲ್ ಕಳಿಸಿದಾಗ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಹೆಡ್‌ಫೋನ್ ಇಳಿಸಿ ಮುಂದಿನ ಫೈಲಿಗೆ ಕಾಯುತ್ತ ಕೂತಳು, ಏಳಲಿಲ್ಲ. ಯಜಮಾನರು ನನ್ನ ಬೆಂಚಿನ ಹತ್ತಿರ ಬಂದರು.

"ಅಕ್ಕಾರ, ಲೈನ್ ಹಿಂದಕ ಒಯ್ಯಾಕ ಎಷ್ಟು ಹೊತ್ತು ಬೇಕ್ರಿ?"

"ಸಂಜೆಯೊಳಗೆ ಆಗುತ್ತದೆ. ಲೈನ್‌ಮನ್ ಬರಬೇಕು."

"ನಾನ ಕರಕೊಂಡ ಬರ್ತೇನಿ," ಎಂದು ಮೋಟರ್‌ಸೈಕಲ್ ಹತ್ತಿದರು.

ಟೆಲಿಫೋನ್ ಕಂಬ ಅಂಗಳದ ಬದಿಗೇ ಇತ್ತು. ಲೈನ್‌ಮನ್ ಕಂಬ ಹತ್ತಿ, ದಪ್ಪ ಕಪ್ಪು ತಂತಿಯನ್ನು ಬೂತಿನ ಕಡೆಯಿಂದ ಬಿಡಿಸಿ ಮನೆಯ ಮಾಡಿಗೆ ಬಿಗಿದ. ಒಳಗೆ ಉಕ್ಕಿನ ಎಳೆ ಇರುವ ತಂತಿ, ಮಂಗಗಳು ಜೋತಾಡಿದರೆ ಆಡಿಕೊಳ್ಳಲಿ. ಮೋಡೆಮ್ ಮತ್ತು ರೂಟರ್ ಸೊಸೆಯ ಮೇಜಿಗೆ ಬಂದವು, ವೈರ್‌ಲೆಸ್ ಕಡ್ಡಿ ಬೂತಿಗೆ ಹೋಯಿತು. ಸಾಣಿಗೆಯನ್ನು ಅಲ್ಲಿ ನಿಲ್ಲಿಸಿ ಮನೆಯ ಕಡೆ ಮುಖ ಮಾಡಿದೆ. ಬೂತಿಗೆ ಮೂರು ಗೆರೆ ಸಿಕ್ಕವು, ಸಾಕು. ಹೊಸ ಪಾಸ್‌ವರ್ಡ್ ಒತ್ತುವಾಗ ಕೀಬೋರ್ಡನ್ನು ಸೊಸೆಯ ಮುಂದೆ ಸರಿಸಿ ನಾನು ಕಿಟಕಿಯ ಕಡೆ ತಿರುಗಿದೆ. ಏನೆಂದು ಇಂದಿಗೂ ನನಗೆ ಗೊತ್ತಿಲ್ಲ. ಬೂತಿನ ಕಂಪ್ಯೂಟರಿಗೂ ಅವಳೇ ಬಂದು ಹಾಕಿದಳು. ಆಗಲೂ ಡ್ರೈವರುಗಳು ಉಣ್ಣುತ್ತಿದ್ದರು, ಈ ಸಲ ಯಾರೂ ಏನೂ ಕೇಳಲಿಲ್ಲ.

ಪರೀಕ್ಷೆ ಮುಗಿದ ಎರಡನೆಯ ದಿನ ಹೋದೆ, ಎಲ್ಲ ನೆಟ್ಟಗಿದೆಯೇ ಎಂದು ನೋಡಲು. ಉಳಿದ ದಿನಗಳಲ್ಲಿ ಒಂದು ಫೈಲೂ ತಡವಾಗಿರಲಿಲ್ಲ. ಕಂಪನಿ ಅವಳನ್ನು ಉಳಿಸಿಕೊಂಡಿತ್ತು. ಅವಳು ಟೈಪ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಯಜಮಾನರು ಜಗುಲಿಯ ಮೆಟ್ಟಿಲ ಹತ್ತಿರ ನಿಂತು ಹೊರಗಿನಿಂದಲೇ ಸೊಸೆಯನ್ನು ಕೂಗಿದರು.

"ತಂಗೀ, ಬೂತಿನ್ಯಾಗ ಇಂಟರ್ನೆಟ್ ಬರವಲ್ದು. ಗಿರಾಕಿ ಕುಂತಾರ. ಸ್ವಲ್ಪ ನೋಡ್ತೀಯೇನು?"

ನಾನು ಏಳಹೋದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈ ಹಿಡಿದು ಕೂರಿಸಿದಳು.

"ಈ ಫೈಲ್ ಕಳಿಸಿ ಬರ್ತೇನ್ರಿ, ಮಾವಾರ. ಇಪ್ಪತ್ತು ನಿಮಿಷ ಆಗತೈತಿ."

ಹೊರಗೆ ಅವರು ಮೆಟ್ಟಿಲ ಮೇಲೆ ಕೂತ ಸದ್ದು ಕೇಳಿಸಿತು.